ವಚನಕ್ಕೆ ಪಲ್ಲವಿಯಿಲ್ಲ

ವಚನ ಗಾಯನವೆಂದರೆ ಗದ್ಯವನ್ನು ರಾಗದಲ್ಲಿ ಹಾಡುವುದು. ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೆ ನಿಯತ ಛಂದಸ್ಸಿಲ್ಲ, ನುಡಿಗಳ ಕಟ್ಟಿಲ್ಲ, ಮತ್ತೆ ಮತ್ತೆ ಮರಳಿ ಬರುವ ಸೊಲ್ಲಿಲ್ಲ. ಹಾಡುವುದಕ್ಕೆಂದೇ ಶರಣರು ಕಟ್ಟಿದ ರಚನೆಗಳು ಬೇರೆಯೇ ಇವೆ, ಅವು ಸ್ವರವಚನಗಳು. ಅವಕ್ಕೆ ಪಲ್ಲವಿಯುಂಟು, ನುಡಿಗಳುಂಟು, ಓಲೆಗರಿಗಳಲ್ಲಿ ರಾಗ ತಾಳಗಳ ಹೆಸರೂ ಉಂಟು. ಹಾಡು ಬೇಕಾದಾಗ ಹಾಡನ್ನೇ ಕಟ್ಟಬಲ್ಲ ಜನ ವಚನವನ್ನು ಪಲ್ಲವಿಯಿಲ್ಲದೆ ಬಿಟ್ಟಿದ್ದಾರೆಂದರೆ ಅದು ತಿಳಿದೇ ಬಿಟ್ಟದ್ದು. ವಚನ ಗಾಯನದ ಎಲ್ಲ ಚರ್ಚೆಯೂ ಇಲ್ಲಿಂದ ಹೊರಡಬೇಕು.

ಸಂಗೀತದ ಬಗ್ಗೆ ಬಸವಣ್ಣನವರ ನಿಲುವು ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ. ಒಂದು ವಚನದಲ್ಲಿ ಅವರು ತಮ್ಮ ಕಾಯವನ್ನೇ ವೀಣೆಯ ದಂಡಿಗೆಯಾಗಿ, ತಲೆಯನ್ನು ಸೋರೆಬುರುಡೆಯಾಗಿ, ನರಗಳನ್ನು ತಂತಿಯಾಗಿ ದೇವರ ಕೈಗೆ ಒಪ್ಪಿಸುತ್ತಾರೆ. ನುಡಿಸುವವನು ಅವನು, ಮೂವತ್ತೆರಡು ರಾಗವೂ ಅವನದೇ. ಇನ್ನೊಂದರಲ್ಲಿ ತಾಳವೂ ಗೊತ್ತಿಲ್ಲ, ಗಣಗಳ ಲೆಕ್ಕವೂ ಗೊತ್ತಿಲ್ಲ, ಮನಸ್ಸು ಒಲಿದಂತೆ ಹಾಡುತ್ತೇನೆ ಎನ್ನುತ್ತಾರೆ. ಮತ್ತೊಂದರಲ್ಲಂತೂ ಶಿವ ನಾದಪ್ರಿಯನೆಂಬ ನಂಬಿಕೆಯನ್ನೇ ತಳ್ಳಿಹಾಕಿ, ನಾದದಿಂದ ಮೆಚ್ಚಿಸಹೋದ ರಾವಣನಿಗೆ ಅರ್ಧಾಯುಷ್ಯವೇ ಗತಿಯಾಯಿತೆಂದು ನೆನಪಿಸುತ್ತಾರೆ. ಮೂರನ್ನೂ ಒಟ್ಟಿಗೆ ಓದಿದರೆ ವಿರೋಧವೇನೂ ಇಲ್ಲ. ನಾದ ತನ್ನಷ್ಟಕ್ಕೇ ದೊಡ್ಡದೆಂದು ಮೆರೆಯುವ ಹಾಡು ವಚನಕ್ಕೆ ಸಲ್ಲದು. ಹಾಡುವವನು ವಾದ್ಯವಾಗಿಬಿಟ್ಟ ಹಾಡು ಸಲ್ಲುತ್ತದೆ. 

ವಚನಗಳು ಕಛೇರಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಫ.ಗು. ಹಳಕಟ್ಟಿಯವರು ವಚನಗಳನ್ನು ಸಂಗ್ರಹಿಸಿ ತಂದ ‘ವಚನಶಾಸ್ತ್ರಸಾರ’ 1923ರಲ್ಲಿ ಅಚ್ಚಾಯಿತು. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಗುರುಕುಲದಲ್ಲಿ ವಚನವೂ ಸಂಗೀತದ ಪಾಠವಾಯಿತು. ಬಸವರಾಜ ರಾಜಗುರು ಅಲ್ಲಿಯವರು, ಇಂದಿನ ಎಂ. ವೆಂಕಟೇಶಕುಮಾರ್ ಅವರೂ ಅಲ್ಲಿಯವರೇ. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರದು ಈ ಸಾಲಿನಲ್ಲಿ ಇನ್ನೊಂದು ದೊಡ್ಡ ಹೆಸರು. ಆದರೆ ವಚನ ಗಾಯನಕ್ಕೆ ಅಳತೆಗೋಲು ಮಲ್ಲಿಕಾರ್ಜುನ ಮನ್ಸೂರರು (1910–1992). ನಾಟಕ ಕಂಪನಿಯಲ್ಲಿ ಹಾಡಿ, ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಭುರ್ಜಿಖಾನರಿಂದ ಜೈಪುರ–ಅತ್ರೌಲಿ ಘರಾಣೆಯ ವಿದ್ಯೆ ಪಡೆದವರು ಅವರು.

ಆ ಘರಾಣೆಯ ಗುಣವೇ ವಚನಕ್ಕೆ ಒದಗಿಬಂತು. ಅಲ್ಲಿ ಸ್ವರಗಳನ್ನು ಒಂದೊಂದಾಗಿ ಬಿಡಿಸಿಡುವುದಿಲ್ಲ. ಒಂದು ಸ್ವರ ಇನ್ನೊಂದರೊಳಗಿಂದ ಹೊರಳಿ ಬರುತ್ತದೆ, ಉಸಿರು ಉದ್ದ, ಲಯ ಅತಿ ನಿಧಾನಕ್ಕೆ ಇಳಿಯುವುದಿಲ್ಲ. ವಚನದ ವಾಕ್ಯವೂ ಹೀಗೆಯೇ ಒಂದನ್ನೊಂದು ಎಳೆದುಕೊಂಡು ಸಾಗುವಂಥದು. ಮನ್ಸೂರರೂ ಮೊದಲ ಸಾಲನ್ನು ಖ್ಯಾಲಿನ ಮುಖಡದಂತೆ ಹಿಡಿದು ಅದಕ್ಕೇ ಮರಳುತ್ತಾರೆ, ನಿಜ. ಆದರೆ ಮರಳಿದಾಗಲೆಲ್ಲ ಮಾತಿನ ಒತ್ತು ಬೇರೆ ಪದದ ಮೇಲೆ ಬಿದ್ದಿರುತ್ತದೆ. ಕೇಳುವವನು ಅದೇ ಸಾಲಿನೊಳಕ್ಕೆ ಇನ್ನಷ್ಟು ಇಳಿದಿರುತ್ತಾನೆ.

ಸುಗಮ ಸಂಗೀತದ ಧಾಟಿ ವಚನಕ್ಕೆ ಮಾಡಿದ ಅಪಚಾರ ಇಲ್ಲಿ ಕಾಣುತ್ತದೆ. ಮೊದಲ ಸಾಲು ಪಲ್ಲವಿಯಾಗುತ್ತದೆ, ಉಳಿದದ್ದನ್ನು ಎರಡು ಚರಣವಾಗಿ ಕತ್ತರಿಸುತ್ತಾರೆ, ನಡುವೆ ಕೀಬೋರ್ಡ್ ಮತ್ತು ಕೊಳಲಿನ ತುಣುಕುಗಳು ತುಂಬಿಕೊಳ್ಳುತ್ತವೆ. ಪ್ರತಿಸಲ ಅದೇ ಮಟ್ಟು, ಅದೇ ಒತ್ತು. ಅಲ್ಲಮಪ್ರಭುವಿನ ಒಗಟಿನಂಥ ಬೆಡಗಿನ ವಚನವೂ ಭಾವಗೀತೆಯಂತೆ ಕೇಳಿಸುತ್ತದೆ. ಧಾಟಿ ಇಂಪಾಗಿದೆ, ಜನರಿಗೆ ಹತ್ತಿರವಾಗಿದೆ ಎಂಬ ಸಮರ್ಥನೆ ಸಾಲದು. ವಚನದ ಚಲನೆ ಮುಂದಕ್ಕೆ. ಒಂದೊಂದು ಮಾತನ್ನೂ ದಾಟಿ ಅದು ಅಂಕಿತಕ್ಕೆ, ಅಂದರೆ ಕೊನೆಯಲ್ಲಿ ಬರುವ ಇಷ್ಟದೇವರ ಹೆಸರಿಗೆ, ಹೋಗಿ ನಿಲ್ಲಬೇಕು. ಅಂಕಿತ ಮುಟ್ಟಿದ ಮೇಲೂ ಪಲ್ಲವಿಗೆ ಹಿಂದಿರುಗಿದರೆ, ಸೇರಿದ ಮನೆಯಿಂದ ಮತ್ತೆ ಬೀದಿಗೆ ಇಳಿದಂತೆ.

ಹಾಗಾಗಿ ಯಾವ ವಚನಕ್ಕೆ ಯಾವ ರಾಗ ಎಂಬ ಪ್ರಶ್ನೆಗಿಂತ ಅಂಕಿತವನ್ನು ಹೇಗೆ ಹಾಡಬೇಕು ಎಂಬುದೇ ಹೆಚ್ಚು ತೂಕದ್ದು. ಅಲ್ಲಮನ ಗುಹೇಶ್ವರಾ ಎಂಬಲ್ಲಿ ನಾಲ್ಕೇ ಅಕ್ಷರ. ಒಮ್ಮೆಲೇ ಷಡ್ಜಕ್ಕೆ ಇಳಿದು ಅಲ್ಲೇ ಮೌನವಾಗುವುದಕ್ಕೆ ಅದು ತಕ್ಕುದು. ಚೆನ್ನಮಲ್ಲಿಕಾರ್ಜುನಾ ಏಳಕ್ಷರ, ನಡುವಿನ ‘ಕಾ’ ಎಂಬ ದೀರ್ಘ ಅಕ್ಕಮಹಾದೇವಿಯ ಮೊರೆಗೆ ಎಡೆ ಕೊಡುತ್ತದೆ. ಬಸವಣ್ಣನವರ ಕೂಡಲಸಂಗಮದೇವಾ ಎಂಟು. ಎಲ್ಲವೂ ಕರೆಯುವ ದನಿಯಲ್ಲಿ, ದೀರ್ಘ ಸ್ವರದಲ್ಲಿ ಮುಗಿಯುತ್ತವೆ. ತಂಬೂರಿಯ ಶ್ರುತಿಯಲ್ಲಿ ಆ ಕೊನೆಯ ‘ಆ’ಕಾರ ಕರಗುವಷ್ಟು ಹೊತ್ತು ಗಾಯಕ ಕಾದರೆ, ಶರಣರು ಬಯಲೆಂದು ಕರೆದ ಶೂನ್ಯ ಒಂದಿಷ್ಟು ಕಿವಿಗೆ ಬೀಳುತ್ತದೆ.

ವಚನ ಗಾಯನದ ಈ ಚರ್ಚೆ ವಚನ ಪರಂಪರೆ ಬೆಳೆದ ತುಮಕೂರು ಸೀಮೆಗೆ ಹೊರಗಿನದಲ್ಲ. ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದು ಇಲ್ಲಿಯ ಗೂಳೂರು ಸಿದ್ಧವೀರಣ್ಣೊಡೆಯರದು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ಸಮಾಧಿಯಾದ ತೋಂಟದ ಸಿದ್ಧಲಿಂಗ ಯತಿಗಳ ‘ಷಟ್‌ಸ್ಥಲ ಜ್ಞಾನ ಸಾರಾಮೃತ’ದಲ್ಲಿ 701 ವಚನಗಳಿವೆ. ಆದರೆ ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಕಡೆಯ ಭಜನೆಗಳಲ್ಲಿ ಹಾರ್ಮೋನಿಯಂ, ತಬಲ, ತಾಳಗಳೊಡನೆ ಬಾಳಿಬಂದದ್ದು ತತ್ವಪದ. ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’ಯ ಪದಗಳಿಗೆ ಪಲ್ಲವಿಯಿದೆ, ರಾಗವಿದೆ, ಅವು ಹಾಡುವುದಕ್ಕೆಂದೇ ಹುಟ್ಟಿದವು, ಭಜನೆಗೆ ಹೊಂದಿದ್ದು ಸಹಜ. ಸಿದ್ಧಲಿಂಗರ ವಚನಗಳು ಮಾತ್ರ ಪಾರಾಯಣಕ್ಕೂ ಪ್ರವಚನಕ್ಕೂ ಉಳಿದು, ಗಾಯಕರ ಕಂಠಕ್ಕೆ ಏರಿದ್ದು ಕಡಮೆ. ಶಾಸ್ತ್ರದ ಪದಗಳು ಹೆಚ್ಚು, ವಾಕ್ಯಗಳು ಉದ್ದ, ಅಂಕಿತವೂ ಉದ್ದ ಎಂಬುದು ಕಾರಣವಿರಬೇಕು.

ಉದ್ದದ ಅಂಕಿತವೇ ಇಲ್ಲಿ ಅನುಕೂಲ. ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ ಎಂಬಲ್ಲಿ ಹದಿನೈದು ಅಕ್ಷರಗಳಿವೆ. ಜೈಪುರದವರಿಗೆ ಪ್ರಿಯವಾದ ವಿಲಂಬಿತ ತೀನ್‌ತಾಳಕ್ಕೆ ಹದಿನಾರು ಮಾತ್ರೆ. ಮೂರನೆಯ ಮಾತ್ರೆಯಲ್ಲಿ ಎತ್ತಿಕೊಂಡು ಮಾತ್ರೆಗೊಂದು ಅಕ್ಷರ ಇಡುತ್ತ ಬಂದರೆ, ಹದಿನಾರನೆಯದರಲ್ಲಿ ‘ಭು’ ಮುಗಿದು, ‘ವೇ’ ಎಂಬ ಕರೆ ನೇರವಾಗಿ ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಬೀಳುತ್ತದೆ.