ತಿರುವಲ್ಲ, ತಿರುಪು

ಇಂಗ್ಲಿಷಿನ 'ಟರ್ನ್' ಎಂದರೆ ತಿರುವು, ಸರದಿ, ಸುತ್ತು. ಹೆನ್ರಿ ಜೇಮ್ಸ್‌ನ 1898ರ ದೆವ್ವದ ಕತೆ 'ದಿ ಟರ್ನ್ ಆಫ್ ದಿ ಸ್ಕ್ರೂ' ಓದುವಾಗ ನಾನು ಮೊದಲ ಅರ್ಥಕ್ಕೇ ಅಂಟಿಕೊಂಡು, ತಿರುವಿಗಾಗಿ ಕಾದೆ. ದೆವ್ವಗಳು ನಿಜವೋ, ಮಕ್ಕಳಿಗೆ ಪಾಠ ಹೇಳುವ ತರುಣಿಯ ಭ್ರಮೆಯೋ? ಭ್ರಮೆಯೆಂದು 1934ರಲ್ಲಿ ಎಡ್ಮಂಡ್ ವಿಲ್ಸನ್ ವಾದಿಸಿದ. ಜಗಳ ಇನ್ನೂ ಮುಗಿದಿಲ್ಲ.

ಶೀರ್ಷಿಕೆಯ ಗುಟ್ಟು ಕತೆಯ ಆರಂಭದಲ್ಲೇ ಇದೆ. ಬೆಂಕಿಯ ಸುತ್ತ ಕೂತವರಲ್ಲಿ ಒಬ್ಬ ಹೇಳಿದ ಕತೆಯಲ್ಲಿ ದೆವ್ವ ಮಗುವೊಂದಕ್ಕೆ ಕಾಣಿಸಿಕೊಂಡಿದೆ. ಅದರಿಂದ ಭಯ ಒಂದು ಸುತ್ತು ಬಿಗಿಯಾದರೆ, ಎರಡು ಮಕ್ಕಳಿದ್ದರೆ ಹೇಗೆ ಎಂದು ಕೇಳುತ್ತಾನೆ ಡಗ್ಲಾಸ್.

ತಿರುವು ದಿಕ್ಕು ಬದಲಿಸುತ್ತದೆ. ತಿರುಪು ಒಂದೇ ದಿಕ್ಕಿಗೆ ಸುತ್ತುತ್ತ ಬಿಗಿಯುತ್ತದೆ. ಕೊನೆಯಲ್ಲಿ ನಿಜ ಹೇಳೆಂದು ಆ ತರುಣಿ ಒತ್ತಾಯಿಸುತ್ತಿದ್ದಂತೆ ಹುಡುಗ ಅವಳ ತೋಳಲ್ಲೇ ಸಾಯುತ್ತಾನೆ. ಉತ್ತರ ಬೇಕೇ ಬೇಕೆಂದು ಪಟ್ಟುಹಿಡಿದ ನಾವು, ಓದುಗರು, ತಿರುಪಿಗೆ ಕೈಹಾಕಿದವರಲ್ಲವೇ?