ಲೆಕ್ಕಕ್ಕೆ ಸಿಗದ ಆಸರೆ

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಳ್ಳಲು ನಡೆದ ಯುದ್ಧಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು ನಿಂತಿದೆ. ಸೈನ್ಯದ ಮಟ್ಟಿಗೆ ಅದು ಐದೇ ದಿನಕ್ಕೆ ಮುಗಿಯಿತು. ಕಲಬುರಗಿ, ಬೀದರ್ ಕಡೆಯ ಹಳ್ಳಿಗಳಲ್ಲಿ ಅದು ಮೊದಲೇ ಶುರುವಾಗಿತ್ತು, ನಂತರವೂ ನಿಲ್ಲಲಿಲ್ಲ. ಮೊದಲು ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ: ಊರೂರಿಂದ ವಂತಿಗೆ, ಕೊಡದಿದ್ದರೆ ಲೂಟಿ, ಬೆಂಕಿ, ಕೊಲೆ. ಆಮೇಲೆ ಸೇಡಿನ ಹೆಸರಲ್ಲಿ ಮುಸ್ಲಿಮರ ಕಗ್ಗೊಲೆ. ಈ ಎರಡರ ನಡುವೆ ನೆರೆಯವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡವರೂ ಇದ್ದರು. ಈ ಹಿಂಸೆಯನ್ನು ಅರಿಯಲು ಭಾರತ ಸರ್ಕಾರ ಕಳಿಸಿದ್ದ ಪಂಡಿತ ಸುಂದರಲಾಲ್ ಸಮಿತಿಯ ವರದಿಯನ್ನು ಎಲ್ಲರೂ ಸತ್ತವರ ಲೆಕ್ಕಕ್ಕಾಗಿ ತೆರೆಯುತ್ತಾರೆ. ಬದುಕಿಸಿದವರ ದಾಖಲೆಯಾಗಿಯೂ ಅದನ್ನು ಒರೆಗೆ ಹಚ್ಚಬೇಕಾಗಿದೆ.

ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್ ಮತ್ತು ಸಂಗಡಿಗರು ನವೆಂಬರ್ 29ಕ್ಕೆ ಹೈದರಾಬಾದಿಗೆ ಬಂದು ಡಿಸೆಂಬರ್ 21ಕ್ಕೆ ಹೊರಟರು. ಅಷ್ಟರಲ್ಲಿ 16 ಜಿಲ್ಲೆಗಳ ಪೈಕಿ ಒಂಬತ್ತನ್ನು ಸುತ್ತಿದ್ದರು. ತಾವು ಹೋಗಲಾಗದ 109 ಹಳ್ಳಿಗಳಿಂದ ಬಂದ 500ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ್ದರು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು ಕನಿಷ್ಠ 27,000ದಿಂದ 40,000 ಎಂಬುದು ಅವರ ಅಂದಾಜು. ಅತಿ ಹೆಚ್ಚು ನಲುಗಿದ್ದು ಉಸ್ಮಾನಾಬಾದ್, ಗುಲಬರ್ಗಾ (ಕಲಬುರಗಿ), ಬೀದರ್, ನಾಂದೇಡ್ ಜಿಲ್ಲೆಗಳು. ದಶಕಗಳ ಕಾಲ ಸರ್ಕಾರ ಈ ವರದಿಯನ್ನು ಪ್ರಕಟಿಸಲಿಲ್ಲ. ಎ.ಜಿ. ನೂರಾನಿ 2013ರಲ್ಲಿ ತಮ್ಮ ಪುಸ್ತಕದ ಜೊತೆ ಅಚ್ಚು ಮಾಡಿಸಿದ ಮೇಲೆ ಸಾಮಾನ್ಯ ಓದುಗರ ಕೈಗೂ ಸಿಕ್ಕಿತು.

ಕೊಲೆ, ಲೂಟಿಗಳ ಸಾಲು ಸಾಲು ವಿವರಗಳ ನಡುವೆ ಆಸರೆಯ ಮಾತು ಬರುವುದು ಕೆಲವೇ ವಾಕ್ಯಗಳಲ್ಲಿ. ಕೆಲವೆಡೆ ಹಿಂದೂಗಳು ಪ್ರಾಣ ಕೊಟ್ಟು ಮುಸ್ಲಿಂ ನೆರೆಯವರನ್ನು ಉಳಿಸಿದರು, ಒಂದೇ ಕಸುಬಿನವರಲ್ಲಿ ಈ ಒಗ್ಗಟ್ಟು ಎದ್ದು ಕಂಡಿತು, ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ಹಿಂದೂಗಳ ಎದುರೇ ನಿಂತರು ಎಂದು ವರದಿ ಹೇಳುತ್ತದೆ. ಅಪಹರಿಸಲ್ಪಟ್ಟ ಮುಸ್ಲಿಂ ಹೆಂಗಸರನ್ನು ಮರಳಿ ಕರೆತರಲು ನೆರವಾದವರ ಪ್ರಸ್ತಾಪವೂ ಇದೆ.

ಈ ವಾಕ್ಯಗಳ ದೊಡ್ಡ ಗುಣವೆಂದರೆ ಅವು ‘ಮಾನವೀಯತೆ’ ಎಂದು ಕೈತೊಳೆದುಕೊಳ್ಳುವುದಿಲ್ಲ, ಕಾರಣ ಹುಡುಕುತ್ತವೆ. ಮಗ್ಗದ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ನೂಲು ಸುತ್ತುವವರು, ಹಾಸು ಹೂಡುವವರು, ಗಂಜಿ ಹಾಕುವವರು, ನೇಯುವವರು ಎಲ್ಲರೂ ಬೇಕು. ನೂಲಿನ ಸಾಹುಕಾರನ ಸಾಲವೂ ಹೆಚ್ಚುಕಡಿಮೆ ಎಲ್ಲರ ಮೇಲೂ ಇರುತ್ತದೆ. ಇಂಥ ಕೇರಿಯಲ್ಲಿ ಪಕ್ಕದವನನ್ನು ಕಾಯುವುದೂ ದಿನನಿತ್ಯದ ಬಾಳ್ವೆಯ ಮುಂದುವರಿಕೆಯೇ. ಕರುಣೆ ಎಲ್ಲಿಂದಲೋ ಇಳಿದು ಬಂದಿದ್ದಲ್ಲ, ಕಸುಬಿನಲ್ಲಿ ಬೆಳೆದಿತ್ತು.

ಕಾನೂನಿನ ಬೆಂಬಲವಿಲ್ಲದ ಈ ಆಸರೆಯ ತೂಕ ತಿಳಿಯಲು ರಾಜಧಾನಿ ಹೈದರಾಬಾದಿನ ಕೋಠಿ ಪ್ರದೇಶದತ್ತ ನೋಡಬೇಕು. ಬ್ರಿಟಿಷ್ ರೆಸಿಡೆನ್ಸಿಯ ಸುತ್ತಲಿನ ಬಜಾರುಗಳು 1933ರವರೆಗೆ ನಿಜಾಮರ ಆಡಳಿತದ ಹೊರಗಿದ್ದವು. ಸಭೆ ಸೇರಲು, ಓದುಕೋಣೆ ತೆರೆಯಲು ಜನ ಇಲ್ಲಿಗೆ ಬರುತ್ತಿದ್ದರು. 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ಹುಟ್ಟಿದ್ದೂ ಇಲ್ಲೇ. ಆ ರಕ್ಷಣೆಗೆ ಕಾನೂನಿನ ಬೆಂಬಲವಿತ್ತು. ಬಜಾರು ನಿಜಾಮರಿಗೆ ಮರಳಿ ಸುಲ್ತಾನ್ ಬಜಾರ್ ಆಯಿತು, ಆ ಗೆರೆ ಅಳಿಯಿತು. 1948ರ ಆಗಸ್ಟ್‌ನಲ್ಲಿ ರಜಾಕಾರರನ್ನು ಟೀಕಿಸಿದ್ದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಕೋಠಿಗೆ ಅಷ್ಟೇನೂ ದೂರವಿಲ್ಲದ ಕಾಚಿಗುಡದಲ್ಲಿ ರಾತ್ರಿ ನಡುಬೀದಿಯಲ್ಲಿ ಕೊಂದರು. ಬಿಡಿಸಲು ಹೋದ ಭಾವಮೈದುನನ ಕೈ ಕಡಿದರು. ನಗರದ ಗತಿಯೇ ಹೀಗಿರುವಾಗ ಹಳ್ಳಿಯ ನೇಕಾರನ ಬೆನ್ನಿಗೆ ಯಾವ ಕಾನೂನು ನಿಂತೀತು?

ಇಷ್ಟು ಮುಖ್ಯವಾದ ಸಂಗತಿಯನ್ನೇ ವರದಿ ಅತ್ಯಂತ ಬಡವಾಗಿ ಬರೆದಿದೆ. ಸಾವಿಗೆ ಅಂಕಿಗಳಿವೆ. ಆಸರೆಗೆ ‘ಕೆಲವೆಡೆ’ ಎಂಬ ಮಾತಷ್ಟೇ. ಯಾವ ಊರು, ಯಾವ ಕೇರಿ, ಎಷ್ಟು ದಿನ? ಅಡಗಿದ್ದವರಿಗೆ ಜೋಳದ ಹಿಟ್ಟು ಎಲ್ಲಿಂದ ಬಂತು, ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ಯಾರು? ಮರಳಿ ಬಂದ ಹೆಂಗಸರ ಮಾತು ಕೇಳಿಸುವುದೇ ಇಲ್ಲ, ತಂದುಕೊಟ್ಟವರ ಪುಣ್ಯ ಮಾತ್ರ ಉಳಿಯುತ್ತದೆ. ಮನೆ ಬಿಟ್ಟು ಓಡಿದವರ ಎತ್ತು, ಎಮ್ಮೆ, ಆಡುಗಳಿಗೆ ಯಾರು ನೀರು ತೋರಿಸಿದರು, ಯಾರು ತಮ್ಮ ಕೊಟ್ಟಿಗೆಗೆ ಹೊಡೆದುಕೊಂಡರು ಎಂದು ವರದಿ ವಿಚಾರಿಸುವುದಿಲ್ಲ. ಒಕ್ಕಲುತನದ ನಾಡಿನಲ್ಲಿ ಎತ್ತು ಉಳಿದರೆ ಮುಂದಿನ ಬಿತ್ತನೆ. ಸರ್ಕಾರಕ್ಕೆ ಅವಸರದಲ್ಲಿ ಬರೆದ ಗೋಪ್ಯ ವರದಿ ಎಂಬ ರಿಯಾಯಿತಿ ಕೊಟ್ಟರೂ ಈ ಕೊರತೆ ಸಣ್ಣದಲ್ಲ.

ಆಸರೆಯನ್ನೂ ಪ್ರಾಣಿಗಳನ್ನೂ ವಿವರವಾಗಿ ಬರೆಯುವುದು ಸಾಧ್ಯವೆಂಬುದಕ್ಕೆ ಇಂಗ್ಲೆಂಡಿನ ಇತಿಹಾಸಕಾರ್ತಿ ಹಿಲ್ಡಾ ಕೀನ್ 2017ರಲ್ಲಿ ಪ್ರಕಟಿಸಿದ ಪುಸ್ತಕ ಸಾಕ್ಷಿ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಘೋಷಣೆಯಾದ ಮೊದಲ ವಾರದಲ್ಲೇ ಲಂಡನ್ನಿಗರು ಸುಮಾರು ನಾಲ್ಕು ಲಕ್ಷ ನಾಯಿ, ಬೆಕ್ಕುಗಳನ್ನು ಕೊಲ್ಲಿಸಿದರು. ಬಾಂಬು ಬಿದ್ದಿರಲಿಲ್ಲ, ಸರ್ಕಾರ ಹೇಳಿಯೂ ಇರಲಿಲ್ಲ. ದಿನಚರಿಗಳಿಂದ, ಮನೆಮಾತುಗಳಿಂದ ಆ ಕಥೆ ಹೆಕ್ಕಿದ ಕೀನ್, ಉಳಿದ ಪ್ರಾಣಿಗಳ ಜೊತೆ ಜನ ಅನ್ನ, ಅಡಗುತಾಣ ಹಂಚಿಕೊಂಡದ್ದನ್ನೂ ಅಷ್ಟೇ ವಿವರವಾಗಿ ಬರೆದರು. ಕ್ರೌರ್ಯಕ್ಕೆ ಒಂದು ಅಳತೆ, ಅಕ್ಕರೆಗೆ ಇನ್ನೊಂದು ಎಂಬ ಭೇದ ಅಲ್ಲಿಲ್ಲ.

ನಮ್ಮಲ್ಲಿ ವಿಮೋಚನಾ ದಿನವಾದ ಸೆಪ್ಟೆಂಬರ್ 17 ಬಂದರೆ ನಿಜಾಮರ ವಿರುದ್ಧ ಹೋರಾಡಿದವರ ಮುಂಡರಗಿ ಶಿಬಿರ, ರಜಾಕಾರರು ನಡೆಸಿದ ಗೋರಟಾದ ಹತ್ಯಾಕಾಂಡ, ಸ್ವಾಮಿ ರಮಾನಂದ ತೀರ್ಥರ ಹೋರಾಟ ನೆನಪಾಗುತ್ತವೆ, ಆಗಲೇಬೇಕು. ಇತ್ತ ಸುಂದರಲಾಲ್ ವರದಿಯ ನೇಕಾರರನ್ನು ಸೌಹಾರ್ದದ ಭಾಷಣಕ್ಕೆ ಒಗ್ಗರಣೆಯಾಗಿ ಬಳಸುವ ಚಾಳಿಯೂ ಬೆಳೆದಿದೆ. ಅದು ಸತ್ತವರ ಲೆಕ್ಕವನ್ನು ಮಸುಕುಗೊಳಿಸುತ್ತದೆ. ಕಾಪಾಡಿದವರು ವಿರಳ, ವಿರಳವಾಗಿದ್ದಕ್ಕೇ ಅವರು ಪ್ರಾಣ ತೆರಬೇಕಾಯಿತು. ಅವರ ಊರು, ಕೇರಿ, ಮನೆತನಗಳನ್ನು ದಾಖಲಿಸದೆ ಹೊಗಳುವುದು ಸೋಮಾರಿತನ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳು ಅವರ ಮನೆಗೆ ಈಗಲೇ ಹೋಗದಿದ್ದರೆ ‘ಕೆಲವೆಡೆ’ ಎಂಬ ಮಾತೇ ನಮ್ಮ ಕೊನೆಯ ದಾಖಲೆಯಾಗುತ್ತದೆ.