ಪೇಂಟ್ ಹೊಡೆಸಬೇಡ ಗುರೂ

ಜಯನಗರದ ಗೆಳೆಯನೊಬ್ಬ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಮಾರಬೇಕು ಅಂತ ಕರೆದ. ಮೊದಲು ಪೇಂಟ್ ಹೊಡೆಸಿ, ಕ್ರೋಮ್ ಮಾಡಿಸಿಬಿಡೋಣ ಅನ್ನೋದು ಅವನ ಲೆಕ್ಕ. ಮದುವೆಮನೆ ಬ್ಯಾಂಡ್‌ಸೆಟ್ಟಿನ ಹಾಗೆ ಮಿರುಗೋ ರೋಡ್‌ಕಿಂಗ್‌ಗಳನ್ನ ನೋಡಿ ನೋಡಿ ನನಗಂತೂ ಸಾಕಾಗಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಹೊಡೆದ ಬಣ್ಣ ಇನ್ನು ಯಾವ ದುಡ್ಡಿಗೂ ಸಿಗಲ್ಲ. ಹೊಸ ಪೇಂಟ್ ಬೇಕಾದರೆ ಕೊಂಡವನೇ ಹೊಡೆಸ್ಕೋತಾನೆ. ಅದರ ಕೆಳಗೆ ತುಕ್ಕಿದೆಯೋ, ಪಟ್ಟಿ ಮೆತ್ತಿದ್ದಾರೋ ಅಂತ ಅನುಮಾನ ಬಂದರೆ ಅವನು ಹೇಳೋದೂ ಅನುಮಾನದ ಬೆಲೆಯೇ.

ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿದೆ, ಸರಿಯಿತ್ತು. ಹೆಚ್ಚಿನ ಬೆಲೆ ಇರೋದು ಇಲ್ಲೇ. 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ಮಾಡಿಸೋ ರಿನ್ಯೂವಲ್ ಮಾತ್ರ ಬಾಕಿ. ಖರ್ಚು ಮಾಡೋದಿದ್ರೆ ಅದಕ್ಕೆ ಮಾಡು ಅಂದೆ. ಕಿಕ್ಕರ್ರೂ ಅದೇ, ಗೇರೂ ಅದೇ ಆಗೋ ಆ ಲಿವರ್ ಇನ್ನೂ ಗಟ್ಟಿಯಾಗಿತ್ತು. ಎರಡು ಸೈಲೆನ್ಸರ್‌ಗಳಲ್ಲಿ ಒಂದು ಡೂಪ್ಲಿಕೇಟು. ‘ಮುಚ್ಚಿಡಬೇಡ, ಹೇಳಿಯೇ ಬೆಲೆ ಇಳಿಸು’ ಅಂದಿದ್ದಕ್ಕೆ ಮುಖ ಸಣ್ಣದು ಮಾಡ್ಕೊಂಡ.

ಟ್ಯಾಂಕಿನ ಪಕ್ಕ ಅಪ್ಪನ ಮೊಣಕಾಲು ಉಜ್ಜಿ ಬಣ್ಣ ಸವೆದಿದೆಯಲ್ಲ, ಅವನು ಮೊದಲು ಮುಚ್ಚಿಸಬೇಕು ಅಂತಿದ್ದಿದ್ದು ಅದನ್ನೇ. ಪೇಂಟರ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರುತ್ತಾ ಅಂತ ಈಗ ಕೇಳ್ತಿದ್ದಾನೆ.